ಹೊಟ್ಟೆ ಕೊಯ್ಯದ ಚಿಕಿತ್ಸೆ ಎಲ್ಲರಿಗೂ ಅಲ್ಲ

ಮಾನ್ಯರೆ,

ಆರಂಭಿಕ ಹಂತದ ಜಠರ ಕ್ಯಾನ್ಸರನ್ನು ಎಂಡೋಸ್ಕೋಪಿಯಲ್ಲೇ (ಬಾಯಿಯ ಮೂಲಕ ಇಳಿಸುವ ಕ್ಯಾಮೆರಾ ಕೊಳವೆಯಿಂದಲೇ) ತೆಗೆಯಬಹುದೆಂಬ ಮಾತು ನಮ್ಮ ಮಂಡ್ಯದಲ್ಲೂ ಕೇಳಿಬರುತ್ತಿದೆ. ಮಾತು ನಿಜ, ಆದರೆ ಅರ್ಧ. ಗೆಡ್ಡೆ ಜಠರದ ಒಳಪದರವಾದ ಲೋಳೆಪೊರೆಯನ್ನು ದಾಟಿರದೆ, ಹುಣ್ಣಾಗದೆ, ಸುಮಾರು 2 ಸೆಂ.ಮೀ. ಒಳಗಿದ್ದು, ಕೋಶಗಳ ಸ್ವರೂಪವೂ ಅನುಕೂಲವಾಗಿದ್ದರೆ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿರುವ ಸಂಭವ ತೀರಾ ಕಡಿಮೆಯಾದ್ದರಿಂದ, ಜಪಾನಿನಲ್ಲಿ ರೂಪುಗೊಂಡ ಈ ವಿಧಾನದ ದೀರ್ಘಕಾಲದ ಫಲಿತಾಂಶ ಶಸ್ತ್ರಚಿಕಿತ್ಸೆಗೆ ಬಹುತೇಕ ಸಮನಾಗಿರುತ್ತದೆ. ಜಠರವೂ ಉಳಿಯುತ್ತದೆ. ಆದರೆ ಉಳಿದ ಜಠರದಲ್ಲೇ ಬೇರೊಂದು ಕಡೆ ಹೊಸ ಗೆಡ್ಡೆ ಹುಟ್ಟಬಹುದಾದ್ದರಿಂದ ವರ್ಷಕ್ಕೊಮ್ಮೆಯಾದರೂ ಎಂಡೋಸ್ಕೋಪಿ ತಪ್ಪದು. ತೆಗೆದ ತುಣುಕಿನ ಪೆಥಾಲಜಿ ವರದಿಯಲ್ಲಿ ಕ್ಯಾನ್ಸರ್ ಆಳಕ್ಕಿಳಿದಿರುವುದು ಕಂಡರೆ ಶಸ್ತ್ರಚಿಕಿತ್ಸೆಯೇ ಬೇಕಾಗಬಹುದು.

ಶಸ್ತ್ರಚಿಕಿತ್ಸೆಯಲ್ಲಿ ದುಗ್ಧರಸ ಗ್ರಂಥಿಗಳನ್ನೂ ತೆಗೆಯುವುದರಿಂದ ರೋಗ ಹರಡಿದೆಯೇ ಎಂಬುದು ಖಚಿತವಾಗುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ ತೂಕ ಇಳಿಯುವುದು, ಒಂದು ಇಡೀ ಮುದ್ದೆಯನ್ನು ಒಮ್ಮೆಗೆ ಉಣ್ಣಲಾಗದಿರುವುದು ಮತ್ತು ಪೂರ್ತಿ ಜಠರ ತೆಗೆದವರಿಗೆ ಜೀವನಪರ್ಯಂತ ವಿಟಮಿನ್ ಬಿ12 ಪೂರೈಕೆ.

ಇಷ್ಟಕ್ಕೂ ಈ ಆಯ್ಕೆಯೆಲ್ಲ ರೋಗ ಬೇಗ ಪತ್ತೆಯಾದರೆ ಮಾತ್ರ. ದಕ್ಷಿಣ ಕೊರಿಯಾದಲ್ಲಿ 40 ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಜಠರ ಕ್ಯಾನ್ಸರ್ ತಪಾಸಣೆಯ ವ್ಯವಸ್ಥೆಯಿದೆ. ನಮ್ಮವರು ‘ಗ್ಯಾಸ್ಟ್ರಿಕ್’ ಎಂದುಕೊಂಡು ತಿಂಗಳುಗಟ್ಟಲೆ ಮೆಡಿಕಲ್ ಸ್ಟೋರಿನ ಮಾತ್ರೆ ನುಂಗುತ್ತಾರೆ. ಆರೋಗ್ಯ ಇಲಾಖೆಯು ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಎಂಡೋಸ್ಕೋಪಿ ಸೌಲಭ್ಯ ಒದಗಿಸಬೇಕು.

– ಓದುಗ, ಮಂಡ್ಯ