ಯೂಕಾನ್ ನದಿಯ ಕೊಬ್ಬಿನ ಮೀನು

ಮಾನ್ಯ ಸಂಪಾದಕರೇ,

ಒಮೆಗಾ-3 (ಮೀನೆಣ್ಣೆಯಲ್ಲಿರುವ ಒಳ್ಳೆಯ ಕೊಬ್ಬು) ಅಂದ ಕೂಡಲೇ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಮೆಡಿಕಲ್ ಶಾಪಿನ ಹಳದಿ ಮಾತ್ರೆ. ಅಲಾಸ್ಕಾದ ಯೂಕಾನ್ ನದಿ ದಂಡೆಯ ಯುಪಿಕ್ ಎಂಬ ಮೂಲನಿವಾಸಿ ಜನರಿಗೆ ಅದು ತಲೆಮಾರುಗಳಿಂದ ಊಟದಲ್ಲೇ ಸಿಕ್ಕಿದೆ.

ಅಲ್ಲಿನ ಚಿನೂಕ್ ಸಾಲ್ಮನ್ ಎಂಬ ಮೀನು ಸಮುದ್ರ ಬಿಟ್ಟು ನದಿಗೆ ಬಂದ ಮೇಲೆ ಏನನ್ನೂ ತಿನ್ನುವುದಿಲ್ಲ. ಮೊಟ್ಟೆ ಇಡುವ ಜಾಗವೋ, ಕೆಲವಕ್ಕೆ ಸುಮಾರು 3,000 ಕಿ.ಮೀ. ದೂರ. ಅಷ್ಟೂ ದಾರಿ ಮೈಯಲ್ಲಿರುವ ಕೊಬ್ಬಿನ ಬಲದಲ್ಲೇ ಈಜಬೇಕು. ಅದಕ್ಕೇ ನದಿ ಸೇರುವಾಗ ಮೀನಿನ ಮೈತುಂಬ ಎಣ್ಣೆ. ತಣ್ಣೀರಲ್ಲೂ ಹೆಪ್ಪುಗಟ್ಟದ ಕೊಬ್ಬು ಅದು. ಜೊತೆಗೆ ವಿಟಮಿನ್ ಡಿ. ಚಳಿಗಾಲದಲ್ಲಿ ಬಿಸಿಲೇ ಸಾಲದ ಊರಲ್ಲಿ ಇದು ಸಣ್ಣ ಮಾತಲ್ಲ.

ಬೇಸಿಗೆಯಲ್ಲಿ ಮೀನನ್ನು ಉದ್ದುದ್ದ ಸೀಳಿ, ಉಪ್ಪುನೀರಲ್ಲಿ ಅದ್ದಿ, ಮರದ ಗಳುಗಳಿಗೆ ನೇತುಹಾಕಿ ಗಾಳಿಗೆ ಒಣಗಿಸುತ್ತಾರೆ. ಆಮೇಲೆ ಹೊಗೆ ಹಾಕುತ್ತಾರೆ. ತಲೆ, ಮೊಟ್ಟೆ ಯಾವುದನ್ನೂ ಬಿಸಾಡುವುದಿಲ್ಲ. (ಮೀನಿನ ತಲೆಯ ರುಚಿಯನ್ನು ನಮ್ಮ ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ, ಅಲ್ವಾ?)

ಈಗ ಆ ಮೀನಿಗೇ ಬರ. ಸಂಖ್ಯೆ ತೀರಾ ಕುಸಿದದ್ದರಿಂದ ಯೂಕಾನ್‌ನಲ್ಲಿ ಚಿನೂಕ್ ಹಿಡಿಯುವುದನ್ನು 7 ವರ್ಷ ನಿಲ್ಲಿಸಲು ಅಲಾಸ್ಕಾ ಮತ್ತು ಕೆನಡಾ 2024ರಲ್ಲಿ ಒಪ್ಪಿಕೊಂಡಿವೆ. ಮೀನು ಉಳಿಯಬೇಕು, ಸರಿ. ಆದರೆ ವಿಮಾನದಲ್ಲಿ ಬರುವ ದುಬಾರಿ ಡಬ್ಬಿ ಮಾಂಸ, ಸೋಡಾಗಳಿಂದ ಆ ತಟ್ಟೆ ತುಂಬುತ್ತದೆಯೇ? ಸುಮ್ನೆ ಹೊಟ್ಟೆ ತುಂಬೀತು, ಅಷ್ಟೇ.

ಇನ್ನೊಂದು ಮಾತು. ನಿಮ್ಮ ಆರೋಗ್ಯ ಪುಟದಲ್ಲಿ ಸಾಲ್ಮನ್ ಗುಣಗಾನ ಮಾಡುವಾಗ ಬಂಗುಡೆ, ಬೂತಾಯಿಗೂ ನಾಲ್ಕು ಸಾಲು ಕೊಡಿ. ಇವುಗಳಲ್ಲೂ ಒಮೆಗಾ-3 ಚೆನ್ನಾಗಿಯೇ ಇದೆ, ಬೆಲೆಯೂ ಕಡಿಮೆ.

– ಒಬ್ಬ ಓದುಗ, ಕುಂದಾಪುರ