ಔಟ್‌ಬೋರ್ಡ್ ಇಂಜಿನ್ ತರುವ ಮೊದಲು ಶಾಫ್ಟ್ ಅಳತೆ ನೋಡಿ

ನಾಡದೋಣಿಯವರ ಗಮನಕ್ಕೆ. ಹೊಸ ಇಂಜಿನ್ ತರುವವರು ಎಚ್‌ಪಿ ಒಂದನ್ನೇ ಕೇಳಿಕೊಂಡು ಬರಬೇಡಿ, ಶಾಫ್ಟ್, ಅಂದರೆ ಇಂಜಿನ್‌ನಿಂದ ಪ್ರೊಪೆಲ್ಲರಿನ ಕಡೆಗೆ ನೀರಿಗಿಳಿಯುವ ಕಾಲಿನ ಉದ್ದವನ್ನೂ ಕೇಳಿ.

ದೋಣಿಯ ಹಿಂದಿನ ಹಲಗೆಯಲ್ಲಿ ಇಂಜಿನ್ ಕೂರುವ ಜಾಗ ಇದೆಯಲ್ಲ, ಅದರ ಮೇಲಂಚಿನಿಂದ ದೋಣಿಯ ತಳದವರೆಗೆ, ಸರಿಯಾಗಿ ನಡುವಿನಲ್ಲಿ ಟೇಪ್ ಹಿಡಿಯಿರಿ. 15 ಇಂಚಿನ ಆಸುಪಾಸು ಬಂದರೆ ಶಾರ್ಟ್, 20ಕ್ಕೆ ಲಾಂಗ್, 25ಕ್ಕೆ ಎಕ್ಸ್‌ಟ್ರಾ ಲಾಂಗ್.

ಇಂಜಿನ್ ಕೂರಿಸಿದ ಮೇಲೆ ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ತಟ್ಟೆ ನೋಡಿ. ಅದು ತಳದ ಮಟ್ಟಕ್ಕೆ, ಇಲ್ಲವೇ ಒಂದು ಇಂಚು ಕೆಳಗೆ ಇರಬೇಕು. ಶಾಫ್ಟ್ ಗಿಡ್ಡವಾದರೆ ಅಲೆ ಎತ್ತಿದಾಗ ಪ್ರೊಪೆಲ್ಲರ್ ಗಾಳಿ ಎಳೆದುಕೊಳ್ಳುತ್ತದೆ. ಇಂಜಿನ್ ಸುಮ್ನೆ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ. ಹೊಳೆ ಕಡಲು ಸೇರುವ ಅಳಿವೆ ಬಾಗಿಲಲ್ಲಿ ಹೀಗಾದರೆ ಗತಿ ಏನು? ತಂಪಿಗೆ ನೀರು ಎಳೆಯುವ ತೂತು ಮೇಲೆ ಬಂದರೆ ಇಂಜಿನ್ ಬಿಸಿಯಾಗುತ್ತದೆ ಕೂಡ. ಉದ್ದ ಜಾಸ್ತಿಯಾದರೆ ಹೊಳೆಯಲ್ಲಿ ಮರಳಿಗೆ ತಾಗುತ್ತದೆ, ಎಣ್ಣೆಯೂ ಜಾಸ್ತಿ ಕುಡಿಯುತ್ತದೆ.

ಅಳತೆ ಎರಡರ ನಡುವೆ ಬಂತಾ? ಕಡಲಿಗೆ ಹೋಗುವವರು ಉದ್ದದ್ದನ್ನೇ ತಗೊಳ್ಳಿ. ಹಲಗೆ ಮೇಲೆ ಮರದ ತುಂಡು ಏರಿಸಿ ಸರಿ ಮಾಡಬಹುದು. ಗಿಡ್ಡದ್ದು ತಂದರೆ ಹಲಗೆಯನ್ನೇ ಕೊಯ್ಯಬೇಕು, ಆ ಕೆಲಸ ಬೇಡ.

ಸೆಕೆಂಡ್ ಹ್ಯಾಂಡ್ ತರುವವರು ಮಾರುವವರ ಮಾತು ನಂಬದೆ ನೀವೇ ಅಳೆಯಿರಿ. ಅನುಮಾನ ಇದ್ದರೆ ಟೇಪ್ ಹಿಡಿದ ಫೋಟೊ ಇಲ್ಲಿ ಹಾಕಿ.