ಎಲ್ಲರಿಗೂ ಶರಣು: ಸಚಿವಾಲಯದಿಂದ ಊರಿಗೆ ಬಂದವಳ ಮಾತು

ಹೋದ ತಿಂಗಳು ನಿವೃತ್ತಿಯಾಯಿತು. ಮೊನ್ನೆ ಭಾನುವಾರ ಕಲಬುರಗಿಯಲ್ಲಿ ನೀವೆಲ್ಲ ಸೇರಿ ಶಾಲು ಹೊದಿಸಿದಿರಿ. ಮೈಕ್ ಕೈಗೆ ಬಂದಾಗ ನನ್ನ ಗಂಟಲು ಕಟ್ಟಿತು. ಎರಡು ಮಾತಾಡಿ ಕೂತುಬಿಟ್ಟೆ. ಅವತ್ತು ಬಾಯಿಗೆ ಬಾರದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

1992ರಲ್ಲಿ ಸಹಾಯಕಿಯಾಗಿ ಸಚಿವಾಲಯ ಸೇರಿದೆ. ಅಧೀನ ಕಾರ್ಯದರ್ಶಿಯಾಗಿ ಹೊರಗೆ ಬಂದೆ. ರಜೆಗೆ ಊರಿಗೆ ಬಂದಾಗಲೆಲ್ಲ ಅವ್ವನದು ಒಂದೇ ಪ್ರಶ್ನೆ. "ವಿಧಾನಸೌಧದಾಗ ನೀ ಏನ್ ಮಾಡ್ತಿ ಯವ್ವಾ? ಎಲ್ಲಾ ಮಂತ್ರಿಗಳೇ ಮಾಡ್ತಾರಲ್ಲ?" ಫೈಲು ಬರೀತೀನಿ ಅಂದು ಸುಮ್ಮನಾಗುತ್ತಿದ್ದೆ. ಸಚಿವ ಸಂಪುಟಕ್ಕೆ ಹೋಗುವ ಕಾಗದ ಗೋಪ್ಯ. ಮನೆಯಲ್ಲೂ ಬಾಯಿ ಬಿಡುವಂತಿಲ್ಲ. ಆದರೆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದು ಗೋಪ್ಯವಲ್ಲ. ಅದನ್ನು ಹೇಳದೆ ನಾನು ಯಾರಿಗೆ ಯಾಕೆ ಋಣಿ ಅಂತ ನಿಮಗೆ ತಿಳಿಸುವುದೂ ಆಗುವುದಿಲ್ಲ.

ಒಂದು ವಿಷಯ ಸಂಪುಟಕ್ಕೆ ಹೋಗಬೇಕು ಅಂದುಕೊಳ್ಳಿ. ಮೊದಲು ಶಾಖೆಯಲ್ಲಿ ವಿಷಯ ನಿರ್ವಾಹಕರು ಕಡತ ಮಂಡಿಸುತ್ತಾರೆ. ಅದು ಶಾಖಾಧಿಕಾರಿ, ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ ಅಂತ ಮೆಟ್ಟಿಲು ಹತ್ತುತ್ತಾ ಇಲಾಖೆಯ ಕಾರ್ಯದರ್ಶಿಗೆ, ಅಲ್ಲಿಂದ ಮಂತ್ರಿಗೆ ಹೋಗುತ್ತದೆ. ದುಡ್ಡಿನ ಮಾತಿದ್ದರೆ ಆರ್ಥಿಕ ಇಲಾಖೆಯನ್ನು ಕೇಳಬೇಕು. ಕಾನೂನಿನ ಮಾತಿದ್ದರೆ ಕಾನೂನು ಇಲಾಖೆಯನ್ನು ಕೇಳಬೇಕು. ಇದೆಲ್ಲ ಸಂವಿಧಾನದ 166ನೇ ವಿಧಿಯ ಕೆಳಗೆ 1977ರಲ್ಲಿ ಮಾಡಿದ ಕಾರ್ಯನಿರ್ವಹಣಾ ನಿಯಮಗಳ ಪ್ರಕಾರ ನಡೆಯುತ್ತದೆ. ಯಾವ್ಯಾವ ವಿಷಯ ಸಂಪುಟದ ಮುಂದೆ ಬರಲೇಬೇಕು ಅನ್ನುವ ಪಟ್ಟಿಯೂ ಆ ನಿಯಮಗಳಲ್ಲಿದೆ. ಇಷ್ಟೂ ಆದ ಮೇಲೆ ಎಲ್ಲವನ್ನೂ ಹಿಂಡಿ ಕೆಲವೇ ಪುಟಗಳ ಸಂಪುಟ ಟಿಪ್ಪಣಿ ಮಾಡುತ್ತೇವೆ. ಅದು ಮುಖ್ಯ ಕಾರ್ಯದರ್ಶಿಯವರ ಕಡೆಗೆ ಹೋಗುತ್ತದೆ. ಸಂಪುಟಕ್ಕೆ ಕಾರ್ಯದರ್ಶಿ ಅವರೇ.

ಆ ಟಿಪ್ಪಣಿ ಬರೆಯಲು ನನಗೆ ಕಲಿಸಿದ್ದು ನನ್ನ ಮೊದಲ ಶಾಖಾಧಿಕಾರಿ ಮೇಡಂ. ಮೈಸೂರು ಕಡೆಯವರು. ಒಂದು ಸಲ ಆರ್ಥಿಕ ಇಲಾಖೆ ನಮ್ಮ ಪ್ರಸ್ತಾವನೆ ಬೇಡವೆಂದು ಬರೆದಿತ್ತು. ನಾನು ಅದನ್ನು "ಕೆಲವು ಸಲಹೆಗಳನ್ನು ನೀಡಿದೆ" ಅಂತ ಬರೆದು ತಂದೆ. ಮೇಡಂ ಪೆನ್ ಕೆಳಗಿಟ್ಟರು. "ಏನಮ್ಮಾ ಇದು? ಬೇಡ ಅಂದಿದ್ರೆ ಬೇಡ ಅಂದಿದೆ ಅಂತಲೇ ಬರಿ. ಅವರ ಮಾತು ಅವರ ಮಾತಲ್ಲೇ ಇರ್ಲಿ. ಅದರ ಕೆಳಗೆ ನಮ್ಮ ಉತ್ತರ ಬರಿ. ಒಳಗೆ ಕೂತವರು ಎರಡೂ ನೋಡಿ ತೀರ್ಮಾನ ಮಾಡ್ಲಿ." ನಾನು ಬರೆದ ಪ್ರತಿ ಟಿಪ್ಪಣಿಯಲ್ಲೂ ಆ ಮಾತು ಇತ್ತು. ಮಂತ್ರಿಗಳು ಸಾಮೂಹಿಕವಾಗಿ ವಿಧಾನಸಭೆಗೆ ಹೊಣೆ ಅಂತ ಸಂವಿಧಾನ ಹೇಳುತ್ತದೆ. ಒಬ್ಬರ ಇಲಾಖೆಯ ತೀರ್ಮಾನಕ್ಕೆ ಎಲ್ಲರೂ ಹೊಣೆ. ಹಾಗಿದ್ದ ಮೇಲೆ ತೊಡಕು ಏನಿದೆ ಅಂತ ಎಲ್ಲರಿಗೂ ಮೊದಲೇ ಗೊತ್ತಾಗಬೇಕು, ಅಲ್ವಾ? ಮೇಡಂ, ನಿಮ್ಮ ಕಾಲಿಗೆ ನನ್ನ ನಮಸ್ಕಾರ.

ಇನ್ನೊಂದು ದಿನ ಮರೆಯುವ ಹಾಗಿಲ್ಲ. ಇಲಾಖೆಯ ಹೆಸರು ಬೇಡ. ಮರುದಿನ ಬೆಳಿಗ್ಗೆ ಸಂಪುಟ ಸಭೆ. ಸಂಜೆ ಏಳಕ್ಕೆ ನೋಡಿದರೆ ನಾನು ಲಗತ್ತಿಸಿದ ಅನುಬಂಧದಲ್ಲಿ ಹಿಂದಿನ ವರ್ಷದ ಅಂಕಿಗಳಿವೆ! ಪ್ರತಿಗಳೆಲ್ಲ ಆಗಲೇ ಹೋಗಿದ್ದವು. ಕೈಕಾಲು ತಣ್ಣಗಾಯಿತು. ನೇರ ಕಾರ್ಯದರ್ಶಿಗಳ ಕೋಣೆಗೆ ಹೋಗಿ ತಪ್ಪು ನನ್ನದೇ ಅಂದೆ. ಅವರು ಬೈಯಲಿಲ್ಲ. "ಈಗಲೇ ಹೇಳಿದಿರಲ್ಲ, ಅದು ಮುಖ್ಯ. ಸರಿಯಾದ ಪುಟ ಮಾಡಿಸಿ, ನಾನೂ ಇರ್ತೀನಿ" ಅಂದರು. ಮನೆಗೆ ಹೊರಟಿದ್ದ ಬೆರಳಚ್ಚುಗಾರ್ತಿ ಬ್ಯಾಗ್ ಇಳಿಸಿ ಮತ್ತೆ ಕೂತಳು. ಮಗುವಿಗೆ ಜ್ವರ ಅಂತ ಆಕೆ ಆಮೇಲೆ ಹೇಳಿದ್ದು. ನಮ್ಮ ಕಚೇರಿಯ ಜವಾನ, ದಲಾಯತ್ ಅಣ್ಣ, ಮಳೆಯಲ್ಲಿ ಲಕೋಟೆಗಳನ್ನು ಅಂಗಿಯೊಳಗೆ ಇಟ್ಟುಕೊಂಡು ಒಬ್ಬೊಬ್ಬ ಮಂತ್ರಿಗಳ ಮನೆಗೂ ಮುಟ್ಟಿಸಿ ಬಂದ. ಈಗ ಮುಖ್ಯಮಂತ್ರಿಯೂ ಸೇರಿ 34ಕ್ಕಿಂತ ಹೆಚ್ಚು ಮಂತ್ರಿಗಳಿರುವಂತಿಲ್ಲ. ಆ ಮಿತಿ ಬಂದದ್ದು 2003ರ ಸಂವಿಧಾನ ತಿದ್ದುಪಡಿಯಿಂದ. ಈ ಕಥೆ ಅದಕ್ಕೂ ಹಿಂದಿನದು. ಎಷ್ಟು ಮನೆ ಅಲೆದಿರಬೇಕು ನೀವೇ ಯೋಚಿಸಿ. ರಾತ್ರಿ ಹನ್ನೊಂದೂವರೆಗೆ ಒದ್ದೆಯಾಗಿ ಬಂದು "ಎಲ್ಲಾ ಮುಟ್ತು ಮೇಡಂ, ಊಟ ಮಾಡಿ ಹೋಗಿ" ಅಂದ. ಅಣ್ಣ ಈಗ ಇಲ್ಲ. ಅವನ ಮಗಳು ಇದನ್ನು ಓದುತ್ತಾಳೆ ಅಂತ ನಂಬಿದ್ದೇನೆ.

ಇಷ್ಟು ವರ್ಷದಲ್ಲಿ ಸಭೆ ನಡೆಯುವಾಗ ನಾನು ಒಮ್ಮೆಯೂ ಸಂಪುಟದ ಕೋಣೆಯ ಒಳಗೆ ಹೋಗಿಲ್ಲ. ನಮ್ಮ ಹಂತದವರು ಹೊರಗೆ. ಒಳಗಿನಿಂದ ಏನಾದರೂ ಕೇಳಿದರೆ ತಟ್ಟನೆ ಕೊಡಲು ಕಡತ ಹಿಡಿದು ಕೂತಿರುತ್ತೇವೆ. ಟಿಪ್ಪಣಿಯನ್ನು ಕೊನೆಯ ಪುಟದವರೆಗೆ ಓದಿ ಬರುವ ಮಂತ್ರಿಗಳನ್ನು ನೋಡಿದ್ದೇನೆ. ಎಲ್ಲ ಪಕ್ಷದಲ್ಲೂ ಅಂಥವರಿದ್ದರು. ಓದುವ ಮಂತ್ರಿ ಸಿಕ್ಕರೆ ಇಡೀ ಶಾಖೆ ಚುರುಕಾಗುತ್ತದೆ. ಅವರಿಗೂ ನನ್ನ ಧನ್ಯವಾದ.

ತೀರ್ಮಾನವಾದ ಮೇಲೆ ಸಚಿವರು ಪತ್ರಕರ್ತರ ಮುಂದೆ ಹೇಳುವುದನ್ನು ನೀವು ಟಿವಿಯಲ್ಲಿ ನೋಡುತ್ತೀರಿ. ನಮಗೆ ಇನ್ನರ್ಧ ಕೆಲಸ ಶುರುವಾಗುವುದೇ ಆಗ. ಆದೇಶ ಹೊರಡಬೇಕು. "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅನ್ನುವ ಸಾಲಿನ ಕೆಳಗೆ ಒಬ್ಬ ಅಧಿಕಾರಿಯ ಸಹಿ ಇರುತ್ತದೆ. ಎಷ್ಟೋ ಸಲ ಅದು ಅಧೀನ ಕಾರ್ಯದರ್ಶಿಯ ಸಹಿ. ಮೊದಲ ಸಲ ಅಲ್ಲಿ ಸಹಿ ಹಾಕುವಾಗ ನನ್ನ ಕೈ ನಡುಗಿತ್ತು. ಚಿತ್ತಾಪುರ ತಾಲ್ಲೂಕಿನ ಶಾಲೆಯಲ್ಲಿ ನಮಗೆಲ್ಲ ಅರ್ಜಿ ಬರೆಯುವುದನ್ನು ಕಲಿಸಿದ ಕನ್ನಡ ಮಾಸ್ತರು ನೆನಪಾದರು. "ಯಾರಿಗೆ, ಏನು, ಯಾಕೆ. ಮೂರೇ ಮಾತು" ಅನ್ನುತ್ತಿದ್ದರು. ಆದೇಶ ಬರೆಯುವುದಕ್ಕೂ ಅಷ್ಟೇ ಸಾಕಿತ್ತು. ಮಾಸ್ತರ್, ಶರಣು.

ನಾನು ಸೇರಿದಾಗ ನಮ್ಮ ಕಡೆಯವರು ಅಲ್ಲಿ ತೀರಾ ಕಡಿಮೆ. ನನ್ನ ಮಾತು ಕೇಳಿ ಯಾವ ಊರು ಅಂತ ಕೇಳುತ್ತಿದ್ದರು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಸಂವಿಧಾನದಲ್ಲಿ ಬಂದ ಮೇಲೆ, 2013ರ ಮೀಸಲಾತಿ ಆದೇಶದ ನಂತರ, ರಾಜ್ಯಮಟ್ಟದ ಕಚೇರಿಗಳಲ್ಲೂ ಶೇ. 8ರಷ್ಟು ಹುದ್ದೆ ನಮ್ಮ ಭಾಗಕ್ಕೆ ಸಿಕ್ಕಿತು. ಕೊನೆಯ ವರ್ಷಗಳಲ್ಲಿ ಕಾರಿಡಾರಿನಲ್ಲಿ "ಬರ್ರಿ ಅಕ್ಕಾರ, ಚಾ ಕುಡಿಯೂಣು" ಅಂತ ಕೇಳಿದಾಗ ಆಗುತ್ತಿದ್ದ ಖುಷಿ ಹೇಳಲಾರೆ. ಯಾದಗಿರಿಯ ಹುಡುಗಿ, ಬೀದರ್‌ನ ಹುಡುಗ, ನೀವು ನನ್ನನ್ನು ಅಕ್ಕ ಅಂದಿರಿ. ಅದು ನನಗೆ ಬಡ್ತಿಗಿಂತ ಜಾಸ್ತಿ.

2024ರ ಸೆಪ್ಟೆಂಬರ್ 17ರಂದು ಸಂಪುಟವೇ ಕಲಬುರಗಿಗೆ ಬಂತು. ಅದಕ್ಕೂ ಹಿಂದೆ ಇಲ್ಲಿ ಸಭೆಯಾಗಿದ್ದು 2014ರಲ್ಲಿ. ನಾವು ಕಡತಗಳ ಪೆಟ್ಟಿಗೆ ಹಿಡಿದು ರಾತ್ರಿಯ ರೈಲಿಗೆ ಬಂದೆವು. ಸ್ಟೇಷನ್ನಿನಲ್ಲಿ ಇಳಿದಾಗ ಪೆಟ್ಟಿಗೆ ಹೊತ್ತ ನಮ್ಮ ಕೂಲಿ ಕಾಕಾ "ಏನ್ರಿ ಇಷ್ಟು ಭಾರ?" ಅಂದ. ನಮ್ಮ ಜಿಲ್ಲೆಗಳದ್ದೇ ಕಾಗದ ಕಾಕಾ, ಅಂದೆ. ನನ್ನೂರಿಗೆ ನನ್ನ ಕೆಲಸವೇ ಬಂದಿತ್ತು. ಬೀದರ್, ರಾಯಚೂರು ನಗರಸಭೆಗಳನ್ನು ಮಹಾನಗರ ಪಾಲಿಕೆ ಮಾಡುವ ತೀರ್ಮಾನ ಅವತ್ತಿನದೇ.

ಅವತ್ತು ಕೆಲಸ ಮುಗಿಸಿ ಮನೆಗೆ ಹೋದಾಗ ರಾತ್ರಿ ಹತ್ತು ದಾಟಿತ್ತು. ನಮ್ಮ ನಾದಿನಿ ಬಾಗಿಲು ತೆಗೆದಳು. ನಾನು ಬೆಂಗಳೂರಿನಲ್ಲಿ ಕೂತು ಟಿಪ್ಪಣಿ ಬರೆಯುತ್ತಿದ್ದಾಗ ಪ್ರತಿ ಬೇಸಿಗೆಯಲ್ಲೂ ನನ್ನ ಮಕ್ಕಳನ್ನು ಸಾಕಿದವಳು ಆಕೆ. ಆ ಋಣ ಬರೆದು ಮುಗಿಯುವುದಿಲ್ಲ. ಅವ್ವ ಎಚ್ಚರವಾಗಿಯೇ ಕೂತಿದ್ದಳು.

"ಬೀದರ್ ದೊಡ್ಡದು ಮಾಡ್ತಾರಂತ ಟಿವ್ಯಾಗ ಹೇಳಿದ್ರು. ನಿನಗ ಮೊದಲೇ ಗೊತ್ತಿತ್ತೇನು?"

ನಾನು ಸುಮ್ನೆ ಅವಳ ಮುಖ ನೋಡಿದೆ.

"ಹೇಳಬ್ಯಾಡ ಬಿಡು," ಅಂದಳು ಅವ್ವ. "ರೊಟ್ಟಿ ಆರ್ತಾವ. ಉಣ್ಣು."